ಜೇನುಬಂಡೆಯ ಮೊಳೆಗಳು

ಬಂಡೆ ಹತ್ತಿಸುವ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ಭಯ ಆಗ್ತಿರಲಿಲ್ವಾ?’ ಎತ್ತರದ ಭಯ ನನಗೆ ಮೊದಲ ವರ್ಷದಲ್ಲೇ ಬಿಟ್ಟುಹೋಯಿತು. ಬಿಟ್ಟುಹೋಗದೆ ಉಳಿದದ್ದು ಅನುಮಾನ. ಗಂಟಿನ ಮೇಲೆ ಅನುಮಾನ, ಕೊಂಡಿಯ ಮೇಲೆ ಅನುಮಾನ, ಬಿಸಿಲಿಗೆ ಕಾದು ಟೊಳ್ಳು ಸದ್ದು ಕೊಡುವ ಕಲ್ಲಿನ ಮೇಲೆ ಅನುಮಾನ, ಎಲ್ಲಕ್ಕಿಂತ ಹೆಚ್ಚಾಗಿ ‘ನನಗೆಲ್ಲ ಬರುತ್ತೆ’ ಎಂದುಕೊಂಡು ಬರುವವರ ಮೇಲೆ ಅನುಮಾನ. ನಿವೃತ್ತಿಯಾದ ಮೇಲೂ ಅದು ಹೋಗಿಲ್ಲ. ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೂ ಎಳೆದು ನೋಡಿಯೇ ಸೀರೆ ಹರವುತ್ತೇನೆ. ಮನೆಯವರು ನಗುತ್ತಾರೆ.

ನಾನು ಮಾಗಡಿ ಕಡೆಯ ಕಲ್ಯದವಳು. ರಾಗಿ ಹೊಲ, ಎಮ್ಮೆ ಇದ್ದ ಮನೆ. ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ರಾಮನಗರದ ಒಂದು ಸಾಹಸ ತರಬೇತಿ ಕೇಂದ್ರಕ್ಕೆ ಸೇರಿದಾಗ ನಮ್ಮಪ್ಪ, ‘ಇಷ್ಟು ಓದ್ಸಿದ್ದು ಬಂಡೆ ಹತ್ತಕ್ಕಾ? ಅದ್ನ ಮೇಕೆ ಮೇಯಿಸ್ಕೊಂಡೇ ಕಲೀಬೋದಿತ್ತಲ್ಲವ್ವ’ ಎಂದರು. ಅವರಿಗೆ ನನ್ನ ಕೆಲಸ ಏನೆಂದು ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ.

ನನಗೆ ಕೆಲಸ ಕಲಿಸಿದವರು ಶಿವಣ್ಣ ಸರ್. ಆಗ ಕೇಂದ್ರದ ಮುಖ್ಯ ತರಬೇತುದಾರರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅವರಿಗೊಂದು ಅಭ್ಯಾಸವಿತ್ತು. ನಾವು ನೆಲದ ಮೇಲೆ ಎಲ್ಲ ಸಿದ್ಧಮಾಡಿಕೊಂಡು, ಒಂದು ಗುಟುಕು ನೀರು ಕುಡಿಯಲು ಆಚೆ ತಿರುಗಿದಾಗ, ನಮ್ಮ ಕ್ಯಾರಬಿನರ್ ಕೊಂಡಿಯ ತಿರುಪನ್ನು ಸದ್ದಿಲ್ಲದೆ ಅರ್ಧ ಬಿಚ್ಚಿಬಿಡುತ್ತಿದ್ದರು. ಬಂಡೆಗೆ ಕೈ ಹಾಕುವ ಮೊದಲು ನಾವು ಅದನ್ನು ಗಮನಿಸಬೇಕು. ಗಮನಿಸದಿದ್ದರೆ ಆ ದಿನ ಹತ್ತುವ ಹಾಗಿಲ್ಲ, ಹಗ್ಗ ಸುತ್ತುತ್ತ ಕೂರಬೇಕು. ಒಮ್ಮೆ ನಾನು ಸಿಟ್ಟಿನಿಂದ, ‘ಯಾರು ಸರ್ ಬಿಚ್ಚಿದ್ದು?’ ಎಂದೆ.

‘ಯಾರು ಬಿಚ್ಚಿದ್ರೇನು? ನೀನು ನೋಡಿದೆಯೋ ಇಲ್ಲವೋ?’ ಎಂದರು ಅವರು, ಬೇರೆಲ್ಲೋ ನೋಡುತ್ತ.

ಅವರ ಕಾಲದಲ್ಲಿ ಸೊಂಟಕ್ಕೆ ದಪ್ಪ ಹಗ್ಗ ಸುತ್ತಿಕೊಂಡು ಹತ್ತುತ್ತಿದ್ದೆವು. ಕೆಳಗಿನವರು ಆ ಹಗ್ಗವನ್ನು ಬೆನ್ನ ಹಿಂದಿನಿಂದ ತಂದು ಕೈಯಲ್ಲೇ ಹಿಡಿಯುತ್ತಿದ್ದರು. ಯಾರಾದರೂ ಜಾರಿದರೆ ಹಿಡಿದವರ ಅಂಗೈ ಸುಲಿದುಹೋಗುತ್ತಿತ್ತು. ಆಮೇಲೆ ಸೊಂಟ ತೊಡೆಗಳಿಗೆ ಬಿಗಿಯುವ ಹಾರ್ನೆಸ್ ಬಂತು. ಹಗ್ಗ ಜಾರದಂತೆ ಕಚ್ಚಿ ಹಿಡಿಯುವ ಸಲಕರಣೆ ಬಂತು. ಮೊದಲೆಲ್ಲ ಬಂಡೆಯ ನೆತ್ತಿಯಲ್ಲಿ ಗಟ್ಟಿ ಮರಕ್ಕೋ ಗುಂಡುಕಲ್ಲಿಗೋ ಹಗ್ಗ ಕಟ್ಟಿ, ಅಂಚಿನಲ್ಲಿ ಹಗ್ಗ ಉಜ್ಜದಂತೆ ಗೋಣಿಚೀಲ ಹಾಸುತ್ತಿದ್ದೆವು. ಎರಡು ಸಾವಿರದ ಇಸವಿಯ ನಂತರ ಬಂಡೆಗೇ ತೂತು ಕೊರೆದು ಮೊಳೆ ಕೂರಿಸುವುದು ಬಳಕೆಗೆ ಬಂತು. ನಾವು ಬೋಲ್ಟ್ ಎನ್ನುವ ಆ ಮೊಳೆಗೆ ಕಿವಿಯಂಥ ಒಂದು ಕಬ್ಬಿಣದ ಪಟ್ಟಿ, ಅದರ ಮೇಲೊಂದು ನಟ್ಟು. ಹತ್ತುವವರು ಒಂದೊಂದೇ ಕಿವಿಗೆ ಹಗ್ಗ ಸಿಕ್ಕಿಸಿಕೊಂಡು ಮೇಲೇರುತ್ತಾರೆ. ಅನುಕೂಲವೇನೋ ಹೌದು. ಆದರೆ ಆ ಮೊಳೆ ಹೊಡೆದವರು ಯಾರು, ಯಾವಾಗ, ಎಷ್ಟು ಆಳಕ್ಕೆ ಎನ್ನುವುದು ಹತ್ತುವವರಿಗೆ ಗೊತ್ತಿರುವುದಿಲ್ಲ. ಕಣ್ಣಿಗೆ ಹೊಳೆಯುವ ಮೊಳೆಯನ್ನು ಜನ ನಂಬಿಬಿಡುತ್ತಾರೆ.

ಅದೇ ವರ್ಷಗಳಲ್ಲಿ ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದವು. ಭಾನುವಾರ ಬಂತೆಂದರೆ ಯಾವುದೋ ಕಾರ್ಖಾನೆಯ ಬಸ್ಸು ನಮ್ಮ ಕೇಂದ್ರದ ಮುಂದೆ ನಿಲ್ಲುತ್ತಿತ್ತು. ಒಮ್ಮೆ ಬಂದ ತಂಡದಲ್ಲಿ ಒಬ್ಬರು ಮೇಲ್ವಿಚಾರಕರಿದ್ದರು. ತಮ್ಮ ಕೈಕೆಳಗಿನವರಿಗೆಲ್ಲ ಪಾಠ ಹೇಳುತ್ತ, ನನ್ನ ಸಹಾಯ ಬೇಡವೆಂದು ತಾವೇ ಹಗ್ಗ ಕಟ್ಟಿಕೊಂಡರು. ಗಂಟು ಚೆನ್ನಾಗಿಯೇ ಇತ್ತು. ಆದರೆ ಅದನ್ನು ಕಟ್ಟಿದ್ದು ಹಾರ್ನೆಸ್ಸಿನ ಮುಂಭಾಗದ ಗಟ್ಟಿ ಪಟ್ಟಿಗಲ್ಲ. ಸಾಮಾನು ತೂಗುಹಾಕಲು ಪಕ್ಕದಲ್ಲಿರುವ ತೆಳು ಕುಣಿಕೆಗೆ. ಆ ಕುಣಿಕೆ ನೀರಿನ ಬಾಟಲಿಯ ಭಾರ ತಡೆಯುತ್ತದೆ, ಮನುಷ್ಯನ ಭಾರವನ್ನಲ್ಲ. ನಾನು ಅವರ ಭುಜ ಹಿಡಿದು ನಿಲ್ಲಿಸಿದೆ.

‘ಏನು ಮೇಡಂ, ನಂಬಿಕೆ ಇಲ್ವಾ?’ ಎಂದರು.

‘ಇಲ್ಲ ಸರ್. ನೀವು ನನ್ನನ್ನೂ ನಂಬಬೇಡಿ. ನನ್ನ ಗಂಟು ನೀವು ನೋಡಿ, ನಿಮ್ಮದು ನಾನು ನೋಡ್ತೀನಿ’ ಎಂದೆ. ಅವರ ಮುಖ ಕೆಂಪಾಯಿತು. ದಿನವಿಡೀ ನನ್ನೊಡನೆ ಮಾತಾಡಲಿಲ್ಲ. ನಡೆದುಕೊಂಡು ಬಸ್ಸು ಹತ್ತಿದರಲ್ಲ, ನನಗೆ ಅಷ್ಟು ಸಾಕಾಗಿತ್ತು.

ಇನ್ನೊಮ್ಮೆ ಬೆಂಗಳೂರಿನ ಇಬ್ಬರು ಗೆಳೆಯರು ಯಾರನ್ನೂ ಕೇಳದೆ ಎತ್ತರದ ಮುಖವೊಂದನ್ನು ಹತ್ತಿದರು. ಇಳಿಸುವಾಗ ಹಗ್ಗ ನೆಲ ಮುಟ್ಟುವಷ್ಟು ಉದ್ದವಿರಲಿಲ್ಲ. ತುದಿಗೆ ಗಂಟೂ ಹಾಕಿರಲಿಲ್ಲ. ತುದಿ ಕೆಳಗಿನವನ ಕೈಯಿಂದ ನುಸುಳಿ ಹೋಯಿತು, ಮೇಲಿನವನು ಬಿದ್ದ. ಕಾಲಿನ ಮೂಳೆ ಮುರಿಯಿತು, ಜೀವ ಉಳಿಯಿತು. ನಾವು ಅವನನ್ನು ಹೊತ್ತು ತರುವಾಗ ಅವನ ಗೆಳೆಯ ದಾರಿಯುದ್ದಕ್ಕೂ ‘ಹಗ್ಗ ಸಾಕಾಗುತ್ತೆ ಅಂದ್ಕೊಂಡಿದ್ದೆ’ ಎಂದು ಒಂದೇ ಮಾತು ಹೇಳುತ್ತಿದ್ದ. ‘ಅಂದುಕೊಂಡೆ’ ಎನ್ನುವ ಮಾತು ಕೇಳಿದರೆ ನನಗೆ ಇಂದಿಗೂ ಮೈ ಜುಂ ಎನ್ನುತ್ತದೆ.

ಇನ್ನು ಜೇನುಬಂಡೆಯ ವಿಷಯಕ್ಕೆ ಬರುತ್ತೇನೆ. ಅದು ಕೈಲಾಂಚದ ಆಚೆ, ಬಸ್ಸಿಳಿದು ಒಂದಷ್ಟು ದೂರ ನಡೆದರೆ ಸಿಗುವ ಬಂಡೆ. ಒಂದು ಮಗ್ಗುಲಲ್ಲಿ ಹೆಜ್ಜೇನು ಕಟ್ಟುತ್ತಿತ್ತು, ಆ ಕಡೆ ನಾವು ಹೋಗುತ್ತಿರಲಿಲ್ಲ. ಇನ್ನೊಂದು ಮುಖ ಸ್ವಚ್ಛವಾಗಿ, ಹತ್ತಲು ಹೇಳಿ ಮಾಡಿಸಿದಂತಿತ್ತು. ಶಿವಣ್ಣ ಸರ್ ನಿವೃತ್ತರಾಗಿ ಹೊಸ ಮುಖ್ಯಸ್ಥರು ಬಂದಿದ್ದರು. ಅವರು ಕಚೇರಿಗಳಿಂದ ಅನುಮತಿ ತಂದು, ಅಲ್ಲಿ ಮೊಳೆ ಹೊಡೆಸಿದರು. ಬಂಡೆಯ ಬುಡದ ಊರಿನವರನ್ನು ಯಾರೂ ಕೇಳಲಿಲ್ಲ.

ಬುಡದಲ್ಲಿ ಮರಿಗೌಡರ ಹಿಪ್ಪುನೇರಳೆ ತೋಟವಿತ್ತು, ಪಕ್ಕದಲ್ಲೇ ರೇಷ್ಮೆಯ ಹುಳು ಮನೆ. ನಮ್ಮ ತಂಡಗಳು ಅದರ ಮುಂದಿನ ಕಾಲುದಾರಿಯಲ್ಲೇ ಹೋಗುತ್ತಿದ್ದವು. ಒಂದು ಭಾನುವಾರ ಯಾರೋ ಒಬ್ಬರು ಸೊಳ್ಳೆಗೆಂದು ಮೈಗೆಲ್ಲ ಔಷಧಿ ಸಿಂಪಡಿಸಿಕೊಂಡು, ಹುಳು ಮನೆಯ ಬಾಗಿಲಲ್ಲಿ ನಿಂತು ಫೋಟೊ ತೆಗೆದರು. ಮುಂದಿನ ವಾರ ನಾವು ಹೋದಾಗ ಮರಿಗೌಡರು ದಾರಿಗೆ ಅಡ್ಡ ನಿಂತಿದ್ದರು. ವಯಸ್ಸಾದ, ಗಟ್ಟಿ ಆಳು. ಹೆಗಲ ಮೇಲೆ ಟವೆಲ್ಲು.

‘ಬಾಗಿಲ ಪಕ್ಕದ ತಟ್ಟೆ ಹುಳ ಎಲ್ಲಾ ಕಕ್ಕೊಂಡು ಸತ್ತೋದೋ. ಅದೇನ್ ಹಚ್ಕೊಂಡ್ ಬತ್ತೀರವ್ವ ಮೈಗೆ?’

ನಾನು ತಪ್ಪಾಯಿತೆಂದೆ. ಅಂದಿನಿಂದ ಕೆರೆ ಏರಿಯ ಮೇಲಿನ ಸುತ್ತು ದಾರಿ ಹಿಡಿದೆವು. ಔಷಧಿ ಹಚ್ಚಿಕೊಂಡವರನ್ನು ಅತ್ತ ಬಿಡುತ್ತಿರಲಿಲ್ಲ. ಆದರೂ ಮರಿಗೌಡರ ಮುಖ ಸಡಿಲಾಗಲಿಲ್ಲ. ಅವರು ಕೇಳಬೇಕೆಂದಿದ್ದ ಮಾತು ಬೇರೆಯೇ ಇತ್ತು.

‘ಅದ್ಸರಿ, ಕಲ್ಲಿಗೆ ತೂತು ಹೊಡ್ದಿದ್ದೀರಲ್ಲ, ಅದ್ಯಾಕೆ?’

‘ಹತ್ತೋಕೆ ಗೌಡ್ರೆ. ಹಗ್ಗ ಸಿಕ್ಕಿಸ್ಕೊಳ್ಳೋಕೆ.’

‘ಹತ್ತಿ?’

‘ಇಳಿಯೋಕೆ.’

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಹತ್ತದು, ಇಳಿಯದು. ಅದಕ್ಕೆ ಬೆಂಗ್ಳೂರಿಂದ ಕಾರ್ ಮಾಡ್ಕೊಂಡು ಬತ್ತಾರೆ. ನಂಬ್ಬೇಕಾ ನಾನು?’

ಅವರ ಅನುಮಾನಕ್ಕೆ ಕಾರಣವಿತ್ತು. ಬಂಡೆಯ ಬೆನ್ನಿಗೆ, ಕೂಗಳತೆಯ ದೂರದಲ್ಲಿ ಇನ್ನೊಂದು ಗುಡ್ಡವಿತ್ತು. ಅಲ್ಲಿಗೂ ಮೊದಲು ಬಂದವರು ಬರೀ ನೋಡಿಹೋಗಲು ಬಂದವರೆಂದೇ ಹೇಳಿಕೊಂಡಿದ್ದರಂತೆ. ಸಣ್ಣ ತೂತು ಕೊರೆದು, ಚೂರು ಕಲ್ಲು ಒಯ್ದರು. ಆಮೇಲೆ ದೊಡ್ಡ ಯಂತ್ರಗಳು ಬಂದು ಕಲ್ಲುಗಣಿ ಶುರುವಾಯಿತು. ಆಗ ನಾಡಿನಲ್ಲೆಲ್ಲ ಹೊಸ ಮನೆ, ಹೊಸ ರಸ್ತೆ. ಎಲ್ಲಕ್ಕೂ ಕಲ್ಲು ಬೇಕಿತ್ತು. ಮಧ್ಯಾಹ್ನದ ಹೊತ್ತು ಅಲ್ಲಿ ಸಿಡಿಸಿದರೆ ಮರಿಗೌಡರ ಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿತ್ತು. ಧೂಳಿನ ಸೊಪ್ಪನ್ನು ಹುಳು ತಿನ್ನುವುದಿಲ್ಲ.

ಒಂದು ಬೆಳಿಗ್ಗೆ ತಂಡ ಬರುವ ಮುಂಚೆ ನಾನೂ ನನ್ನ ಜೊತೆಯ ತರಬೇತುದಾರ ನಾಗರಾಜನೂ ಜೇನುಬಂಡೆಗೆ ಹೋದೆವು. ನೆತ್ತಿಯ ಮರಕ್ಕೆ ಹಗ್ಗ ಕಟ್ಟಿ ಇಳಿಯುತ್ತ ನಾನು ಒಂದೊಂದೇ ಮೊಳೆ ಮುಟ್ಟಿ ನೋಡುವುದು ರೂಢಿ. ಮೇಲಿನದೇ ಮೊಳೆ, ಇಡೀ ಭಾರ ಹೊರುವಂಥದು. ನಟ್ಟಿಗೆ ಬೆರಳು ತಾಗಿಸಿದೆ, ತಿರುಗಿತು. ಸ್ಪ್ಯಾನರ್ ಬೇಕಾಗಲೇ ಇಲ್ಲ. ಅದರ ಕೆಳಗಿನದೂ ಸಡಿಲ. ನೆಲಕ್ಕೆ ಬಂದು ನೋಡಿದರೆ, ಬುಡದ ಗುಂಡುಕಲ್ಲಿನ ಮೇಲೆ ನಿಂತರೆ ಕೈಗೆಟುಕುವ ಮೊದಲ ಮೊಳೆಯ ಕಿವಿಯೇ ಮಾಯ. ತಂಡದಲ್ಲಿ ಕಾಲೇಜಿನ ಹುಡುಗಿಯರಿದ್ದರು. ಬಸ್ಸನ್ನು ಅರ್ಧ ದಾರಿಯಿಂದಲೇ ವಾಪಸು ಕಳಿಸಿದೆವು.

ನಾಗರಾಜ ಆಗಲೇ ತೀರ್ಮಾನಿಸಿಬಿಟ್ಟಿದ್ದ. ‘ಆ ಗೌಡನೇ. ಕೊಲೆ ಮಾಡೋಕೆ ನೋಡಿದ್ದಾನೆ. ಸ್ಟೇಷನ್ನಿಗೆ ಹೋಗೋಣ ನಡಿ.’

‘ಒಸಿ ತಡಿ’ ಎಂದೆ.

ನನಗೆ ಒಂದು ವಿಷಯ ಹೊಂದಿಕೆಯಾಗುತ್ತಿರಲಿಲ್ಲ. ಕೆಳಗಿನ ಮೊಳೆಯ ಅಂಚಿನಲ್ಲಿ ಸ್ಪ್ಯಾನರ್ ಜಾರಿದ ಹೊಸ ಗೀರು ಹೊಳೆಯುತ್ತಿತ್ತು. ಮೇಲಿನ ನಟ್ಟುಗಳಲ್ಲಿ ಗೀರಿರಲಿಲ್ಲ, ಹಳೆಯ ಧೂಳು ಹಾಗೇ ಇತ್ತು. ಬಿರುಕುಗಳ ಬಾಯಲ್ಲಿ ಮಾತ್ರ ಹಿಟ್ಟಿನಂಥ ಹೊಸ ಕಲ್ಲುಪುಡಿ ಉದುರಿತ್ತು. ಮೇಲಿನವನ್ನು ಯಾವ ಕೈಯೂ ಬಿಚ್ಚಿಲ್ಲ. ಬೆನ್ನಿನ ಗುಡ್ಡದ ಸಿಡಿತಕ್ಕೆ ಬಂಡೆ ನಡುಗಿ ನಡುಗಿ ತಾವೇ ಸಡಿಲವಾಗಿವೆ ಎನ್ನಿಸಿತು. ಕೆಳಗಿನದನ್ನು ಮಾತ್ರ ಯಾರೋ ಬಿಚ್ಚಿದ್ದಾರೆ.

ನೇರ ಮರಿಗೌಡರ ಮನೆಗೆ ಹೋದೆವು. ಅವರು ಜಗಲಿಯಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದರು. ನಾಗರಾಜ ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ, ಆ ಕಬ್ಬಿಣದ ಕಿವಿ ತಂದು ನಮ್ಮ ಮುಂದಿಟ್ಟರು.

‘ನಾನೇ ಬಿಚ್ಚಿದ್ದು. ರಾಮನಗರದ ಗ್ಯಾರೇಜ್‌ನೋನ್ಗೆ ತೋರ್ಸಿ, ಏನ್ಲಾ ಇದು ಅಂದೆ. ಅವನ್ಗೂ ಗೊತ್ತಾಗ್ನಿಲ್ಲ.’

‘ಇದರಿಂದ ಜೀವ ಹೋಗಿದ್ರೆ?’ ಎಂದ ನಾಗರಾಜ.

‘ನೀವು ಗುರ್ತು ಹಾಕ್ತಿದ್ದೀರಲ್ಲ, ಅದ್ರಿಂದ ನಮ್ ಜೀವ ಹೋಯ್ತದಲ್ಲಪ್ಪ, ಅದ್ಕೇನಂತೀಯ?’

ಯಾವ ಗುರುತು ಎಂದು ನಾನು ಕೇಳಿದೆ. ಅವರು ಕತ್ತಿ ಕೆಳಗಿಟ್ಟು ಎದ್ದರು. ಬಂಡೆಯ ಹಿಂಬದಿಗೆ, ನಾವು ಎಂದೂ ಹೋಗದ ಪೊದೆಯ ಕಡೆಗೆ ಕರೆದೊಯ್ದರು. ಅಲ್ಲಿ ಕಲ್ಲಿನ ಮೇಲೆ ಕೆಂಪು ಬಣ್ಣದ ಗೆರೆಗಳು, ಬಾಣದ ಗುರುತುಗಳು. ಒಂದು ಕಡೆ ಚೂರು ಎಬ್ಬಿಸಿದ ಗಾಯ. ನಮ್ಮ ಕೇಂದ್ರದವರು ಎಂದೂ ಬಣ್ಣ ಹಚ್ಚಿದವರಲ್ಲ.

‘ಯಾರು ಹಾಕಿದ್ದು ಗೌಡ್ರೆ?’

‘ನಿಮ್ಮೋನೇ. ನೀಲಿ ಟೋಪಿಯೋನು. ಕೇಳುದ್ರೆ, ನಾನು ಹಗ್ಗದ ಕ್ಯಾಂಪ್‌ನೋನು, ಮೇಡಮ್ಮೋರೇ ಹೇಳವ್ರೆ ಅಂದ.’

ನಮ್ಮ ಕಲಿಯುವವರಲ್ಲಿ ನೀಲಿ ಹೆಲ್ಮೆಟ್ ಇದ್ದದ್ದು ಒಬ್ಬನಿಗೇ, ದಿನೇಶನಿಗೆ. ತಿಂಗಳುಗಳಿಂದ ತಪ್ಪದೆ ಬರುತ್ತಿದ್ದ. ಬ್ಯಾಂಕಿನಲ್ಲಿ ಕೆಲಸ ಎಂದು ಹೇಳಿಕೊಂಡಿದ್ದ. ವಿನಯವಂತ. ಗಂಟು ಹಾಕಿದರೆ ತಿದ್ದುವ ಹಾಗಿರಲಿಲ್ಲ. ಈಗ ಒಂದೊಂದೇ ನೆನಪಾಯಿತು. ಹತ್ತುವುದಕ್ಕಿಂತ ನೆತ್ತಿಯ ಮೇಲೆ ಅಡ್ಡಾಡುವುದೇ ಅವನಿಗೆ ಹೆಚ್ಚು ಇಷ್ಟ. ಮೊಳೆ ಹೊಡೆಯುವಾಗ ಎಷ್ಟು ಆಳದಲ್ಲಿ ಬಿರುಕು ಸಿಕ್ಕಿತು ಎಂದು ಕೇಳಿದ್ದ. ಮನೆಯ ಶೋಕೇಸಿಗೆಂದು ಕಲ್ಲಿನ ಚೂರು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಮುಖ್ಯಸ್ಥರಿಗೆ ಹೇಳಿದೆ. ‘ನಮ್ಮ ಕೆಲಸ ಹಗ್ಗದ್ದು. ಕಲ್ಲಿನ ರಾಜಕೀಯ ನಮಗೆ ಬೇಡ’ ಎಂದುಬಿಟ್ಟರು. ನಾಗರಾಜನ ಉಪಾಯ ಬೇರೆ ಇತ್ತು: ‘ಮುಂದಿನ ವಾರ ಅವನು ಬಂಡೆ ಮಧ್ಯ ಹಗ್ಗದಲ್ಲಿ ನೇತಾಡ್ತಿರೋವಾಗ ಕೇಳು. ನಿಜ ತಾನಾಗೇ ಉದುರುತ್ತೆ.’

ಅದು ಸಾಧ್ಯವಿಲ್ಲವೆಂದೆ. ಹಗ್ಗದಲ್ಲಿ ಇರುವವನು ಕಳ್ಳನಾದರೂ ಅವನ ಜೀವ ನನ್ನ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಅವನಿಂದ ಏನನ್ನೂ ಕೀಳುವ ಹಾಗಿಲ್ಲ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದ ಮಾತುಗಳಲ್ಲಿ ಇದನ್ನು ಮಾತ್ರ ಮರೆಯಬೇಡಿ.

ಮರುವಾರ ನಟ್ಟುಗಳ ಭರವಸೆ ಬಿಟ್ಟು, ಹಳೆಯ ಪದ್ಧತಿಯಂತೆ ನೆತ್ತಿಯ ಮರಕ್ಕೂ ಗುಂಡುಕಲ್ಲಿಗೂ ಹಗ್ಗ ಕಟ್ಟಿದೆವು. ನಾನು ಮೇಲೆ ಕೂತು ಹಗ್ಗ ಹಿಡಿದೆ. ದಿನೇಶ ಹತ್ತಿ ಬಂದ. ಅವನು ಅಂಚಿನಿಂದ ಸಾಕಷ್ಟು ಒಳಗೆ ಬಂದು ಹಗ್ಗ ಬಿಚ್ಚಿಕೊಳ್ಳುವವರೆಗೂ ಸುಮ್ಮನಿದ್ದೆ. ಆಮೇಲೆ ಕೇಳಿದೆ.

‘ಹಿಂದುಗಡೆ ಕೆಂಪು ಬಣ್ಣ ಹಾಕಿದ್ದು ನೀವೇನಾ ದಿನೇಶ್?’

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ.

‘ಗಣಿಯವರ ಕೆಲಸ ಮೇಡಂ. ನಿಮ್ಮದೊಂದು ಕೆಲಸ, ನನ್ನದೊಂದು ಕೆಲಸ. ನಾನು ಬರದಿದ್ದರೆ ಇನ್ನೊಬ್ಬ ಬರ್ತಾನೆ. ಈ ಬಂಡೆ ಎಷ್ಟು ದಿನ ಹೀಗೇ ಇರುತ್ತೆ ಅಂದ್ಕೊಂಡಿದ್ದೀರಿ? ನಿಮಗೆ ಹತ್ತೋಕೆ ಬೇರೆ ಬಂಡೆ ಇಲ್ವಾ?’

‘ನಮ್ಮ ಹೆಸರು ಯಾಕೆ ಹೇಳಿದ್ರಿ?’

‘ನಿಮ್ಮನ್ನ ಜನ ಬಿಡ್ತಾರೆ ಮೇಡಂ. ನಮ್ಮನ್ನ ಬಿಡಲ್ಲ.’

ನಾನು ಕಲಿಸಿದ ಗಂಟುಗಳನ್ನೇ ಹಾಕಿಕೊಂಡು ಅವನು ಅಲ್ಲಿಯವರೆಗೆ ಬಂದಿದ್ದ. ಆದರೂ ರೂಢಿಯಂತೆ ಹೇಳಿದೆ: ‘ಬನ್ನಿ, ಹಗ್ಗ ಕಟ್ಟಿಕೊಳ್ಳಿ. ಇಳಿಸ್ತೀನಿ.’

ಅವನು ಹಗ್ಗ ನೋಡಿದ, ನನ್ನ ಕೈ ನೋಡಿದ, ಮುಖ ನೋಡಿದ. ‘ಬೇಡ ಮೇಡಂ. ಹಿಂದಿನಿಂದ ನಡೆದೇ ಇಳೀತೀನಿ’ ಎಂದ. ಅಷ್ಟು ತಿಂಗಳು ನನ್ನ ಕೈಯಲ್ಲಿ ಜೀವ ಇಟ್ಟವನು ಆ ದಿನ ಇಡಲಿಲ್ಲ. ನನಗೆ ಅವಮಾನವಾಯಿತು. ನಾನು ಅವನನ್ನು ಒಂದು ಗೇಣೂ ಜಾರಿಸುತ್ತಿರಲಿಲ್ಲ.

ಹಿಂಬದಿಯ ಇಳಿಜಾರಿನಲ್ಲಿ ಮರಿಗೌಡರೂ ಊರಿನ ಒಂದಷ್ಟು ಜನರೂ ನಿಂತಿದ್ದರು. ನೀಲಿ ಟೋಪಿ ಬೆಳಿಗ್ಗೆ ಕೆರೆ ಏರಿ ದಾಟಿದ್ದನ್ನು ಅವರು ನೋಡಿದ್ದರು. ನಾನು ಓಡುತ್ತ ಅವನ ಹಿಂದೆಯೇ ಇಳಿದೆ. ಯಾರೂ ಕೈ ಎತ್ತಲಿಲ್ಲ. ಮರಿಗೌಡರು ಅವನನ್ನು ಬಿಟ್ಟು ನನ್ನನ್ನು ಕೇಳಿದರು.

‘ಇವ್ನು ನಿಮ್ಮೋನಾ?’

‘ಅಲ್ಲ. ಕಲಿಯೋಕೆ ಬರ್ತಿದ್ದ. ಬಣ್ಣ ಹಾಕಿದ್ದು ಇವನೇ ಅಂತ ನನ್ನ ಮುಂದೆ ಒಪ್ಪಿದ್ದಾನೆ. ಎಲ್ಲಿ ಬೇಕಾದರೂ ಹೇಳ್ತೀನಿ.’

‘ನೀವಿಬ್ರೂ ಒಂದೇ ಬಸ್ಸಲ್ಲಿ ಬಂದ್ರಿ, ಒಂದೇ ಹಗ್ಗದಾಗೆ ಹತ್ತುದ್ರಿ. ಈಗ ಅಲ್ಲ ಅಂದ್ರೆ ಹೆಂಗವ್ವ ನಂಬದು? ನಿಮ್ ಮೊಳೆ ಕಿತ್ತ್‌ಬುಡಿ. ಆಮೇಲೆ ಮಾತಾಡನ.’

ನ್ಯಾಯವಾದ ಮಾತು. ದಿನೇಶ ತಲೆ ತಗ್ಗಿಸಿ ಜನರ ನಡುವೆಯೇ ಹೊರಟುಹೋದ. ಮತ್ತೆಂದೂ ಅವನನ್ನು ನೋಡಲಿಲ್ಲ.

ಮೊಳೆಗಳನ್ನು ನಾನೂ ನಾಗರಾಜನೂ ಕಿತ್ತೆವು. ಮುಖ್ಯಸ್ಥರಿಗೆ ಹೇಳದೆಯೇ ಕಿತ್ತೆವು. ಹೊಡೆಯುವುದಕ್ಕಿಂತ ಕೀಳುವುದು ಕಷ್ಟ. ಹಗ್ಗದಲ್ಲಿ ನೇತಾಡುತ್ತ ಒಂದೊಂದನ್ನೂ ಅಲ್ಲಾಡಿಸಿ ಎಳೆದು, ಬಾರದಿದ್ದನ್ನು ಬುಡಕ್ಕೆ ಕೊಯ್ದು, ತೂತುಗಳಿಗೆ ಕಲ್ಲುಪುಡಿ ಕಲಸಿದ ಅಂಟು ತುಂಬಿದೆವು. ಮರಿಗೌಡರು ಇಡೀ ಹೊತ್ತು ಕೆಳಗೆ ಗುಂಡುಕಲ್ಲಿನ ಮೇಲೆ ಕೂತು ಕಣ್ಣು ಕೀಳದೆ ನೋಡುತ್ತಿದ್ದರು. ಒಮ್ಮೆ, ‘ಎಡಗಡೆ ಒಂದ್ ಉಳ್ಕೊಂಡೈತೆ’ ಎಂದರು.

ಆಮೇಲೆ ಊರಿನವರ ಜೊತೆ ತಾಲ್ಲೂಕು ಕಚೇರಿಗೆ ಹೋಗಿ ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದೆ. ಅಧಿಕಾರಿಗಳೂ ನನ್ನನ್ನು ಅನುಮಾನದಿಂದಲೇ ನೋಡಿದರು: ಬಂಡೆ ಹತ್ತಿಸುವವಳಿಗೆ ಊರಿನ ಉಸಾಬರಿ ಯಾಕೆ, ಹಿಂದೆ ಯಾರಿದ್ದಾರೆ? ಮುಖ್ಯಸ್ಥರಂತೂ ನನ್ನನ್ನು ಬಹಳ ಕಾಲ ಹೊರಗೆ ಕಳಿಸಲಿಲ್ಲ. ಸಲಕರಣೆಗಳ ಕೋಣೆಯಲ್ಲಿ ಹಳೆಯ ಹಗ್ಗಗಳನ್ನು ಬೆರಳಲ್ಲಿ ಸವರಿ, ಒಳಗೆ ತುಂಡಾಗಿದೆಯೇ ಎಂದು ನೋಡುತ್ತ ಕಳೆದೆ. ಜೇನುಬಂಡೆಗೆ ಯಂತ್ರಗಳು ಬರಲಿಲ್ಲ. ನಮ್ಮ ಮಾತಿನಿಂದಲೋ, ಊರಿನವರು ಬಿಡದೆ ಓಡಾಡಿದ್ದರಿಂದಲೋ, ಒಳಗಿನ ಕಲ್ಲು ಬಿರುಕಿನದೆಂದೋ, ನನಗೆ ಖಚಿತವಿಲ್ಲ. ಬೆನ್ನಿನ ಗುಡ್ಡ ಮಾತ್ರ ಉಳಿಯಲಿಲ್ಲ.

ಮತ್ತೆ ಹೊರಗೆ ಕಳಿಸಿದಾಗ ನಾನು ಮೊದಲು ಹೋದದ್ದು ಮರಿಗೌಡರ ಜಗಲಿಗೆ. ಮೊಳೆಯಿಲ್ಲದೆ, ಮರಕ್ಕೆ ಕಟ್ಟಿದ ಹಗ್ಗದಲ್ಲಿ, ಅವರು ಹೇಳಿದ ದಿನ ಮಾತ್ರ ಹತ್ತಿಸುತ್ತೇನೆ ಎಂದೆ. ಅವರು ಸೊಪ್ಪು ಹೆಚ್ಚುತ್ತಲೇ ‘ನೋಡನ’ ಎಂದರು. ಹಾಗೆ ಶುರುವಾದದ್ದು ನನ್ನ ಸೇವೆಯ ಕೊನೆಯವರೆಗೂ ನಡೆಯಿತು. ತಂಡ ಹತ್ತುವಾಗಲೆಲ್ಲ ಅವರು ಗುಂಡುಕಲ್ಲಿನ ಮೇಲೆ ಬಂದು ಕೂರುತ್ತಿದ್ದರು. ಯಾರ ಕೈಯಲ್ಲಿ ಏನಿದೆ, ಯಾರು ಚೂರು ಕಲ್ಲು ಎತ್ತಿಕೊಂಡರು ಎಂದು ಗಮನಿಸುತ್ತಿದ್ದರು. ಎತ್ತಿಕೊಂಡವರಿಂದ ಕೆಳಗೆ ಹಾಕಿಸುತ್ತಿದ್ದರು.

ನನ್ನ ನಿವೃತ್ತಿ ಹತ್ತಿರವಾಗಿದ್ದಾಗ ಒಂದು ದಿನ ತಂಡ ಹೊರಟುಹೋದ ಮೇಲೆ ಅವರು ಎದ್ದು ಬಂದರು. ‘ಹಿಂದ್ಗಡೆಯಿಂದ ಹತ್ತಕ್ಕೆ ಮಂಡಿ ಬರಲ್ಲ. ಈ ಕಡೆಯಿಂದ ಒಸಿ ಮೇಲಕ್ಕೆ ತಗೊಂಡೋಗ್ತೀಯಾ? ಆ ಗುಡ್ಡ ಇದ್ದ ಜಾಗ ಹೆಂಗಾಗೈತೆ ನೋಡ್ಬೇಕು.’

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸುಲಭವಾದ ಓರೆಯ ಮಗ್ಗುಲು ಆರಿಸಿದೆ. ನಾಗರಾಜ ಮೇಲೆ ಹಗ್ಗ ಹಿಡಿದ. ಹಾರ್ನೆಸ್ ಬಿಗಿದು, ಗಂಟು ಹಾಕಿ, ಎಳೆದು ತೋರಿಸಿದೆ. ಮರಿಗೌಡರು ಬಗ್ಗಿ ಗಂಟು ನೋಡಿದರು. ಬೆರಳಿಂದ ಒತ್ತಿದರು. ನನ್ನ ಮುಖ ನೋಡಿದರು.

‘ಬಿಚ್ಚಿ ಇನ್ನೊಂದ್ಸಲ ಕಟ್ಟವ್ವ. ನಾನು ಸರ್ಯಾಗಿ ನೋಡ್ನಿಲ್ಲ.’

ಬಿಚ್ಚಿ, ಅವರಿಗೆ ಕಾಣುವಂತೆ ನಿಧಾನವಾಗಿ, ಮತ್ತೆ ಕಟ್ಟಿದೆ.